ಫ್ಲಾಪಿಯಲ್ಲಿ ಕೂತ ಮಂಗಳ

ಫ್ಲಾಪಿ ಎಷ್ಟು ವರ್ಷ ಬಾಳುತ್ತದೆ ಎಂದು ಯಾರಾದರೂ ಕೇಳಿದರೆ ನಾನು ನಿಂತ ಕಾಲಲ್ಲಿ ಅರ್ಧ ಗಂಟೆ ಮಾತಾಡಬಲ್ಲೆ. ಕೇಳುವವರು ಸಿಗುವುದಿಲ್ಲ, ಅಷ್ಟೇ ತೊಂದರೆ. ಉಮರ್ಗಾದ ಬಜಾರಿನಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಮುಂದೆ ಮೊಬೈಲಿನ ಕವರು, ಗ್ಲಾಸು, ಚಾರ್ಜರು. ಪರದೆಯ ಹಿಂದೆ ಹಳೆಯ ಕಂಪ್ಯೂಟರುಗಳು. ಮುಂದಿನದು ಹೊಟ್ಟೆಗೆ, ಹಿಂದಿನದು ಜೀವಕ್ಕೆ. ಹೀಗಿರುವಾಗ ಗುಂಜೋಟಿಯ ನೀಲಕಂಠ ಕಾಕಾ ಫೋನ್ ಮಾಡಿ, "ತಮ್ಮಾ, ಫ್ಲಾಪಿ ಓದೂ ಮಷೀನ್ ನಿನ್ನ ಬಲ್ಲಿ ಅದೇನು?" ಎಂದು ಕೇಳಿದಾಗ ನಾನು ಯಾಕೆ ಎಂದು ಕೇಳಲಿಲ್ಲ. ಒಬ್ಬ ಗಿರಾಕಿಯ ಮೊಬೈಲಿಗೆ ಗ್ಲಾಸು ಅರ್ಧ ಅಂಟಿತ್ತು, ಅರ್ಧ ಅಂಟಿರಲಿಲ್ಲ. ಅದನ್ನು ಹಾಗೇ ಅವನ ಕೈಗಿಟ್ಟು, ಫ್ಲಾಪಿ ಡ್ರೈವನ್ನೂ ಹಳೆಯ ಕಂಪ್ಯೂಟರೊಂದನ್ನೂ ಕಟ್ಟಿಕೊಂಡು ಗಾಡಿ ಏರಿದೆ. ಯಾಕೆ ಎಂದು ಕೇಳಿದ್ದರೆ ಒಳ್ಳೆಯದಿತ್ತು.

ನೀಲಕಂಠ ಕಾಕಾ ನನ್ನ ಅಪ್ಪನ ತಮ್ಮ. ಈಗ ಹಿಟ್ಟಿನ ಗಿರಣಿ ನಡೆಸುತ್ತಾನೆ. ಇಪ್ಪತ್ತೈದು ವರ್ಷದ ಹಿಂದೆ ಅದೇ ಖೋಲಿಯಲ್ಲಿ ಅವನ 'ವೀರಭದ್ರೇಶ್ವರ ಕಂಪ್ಯೂಟರ್ ಪತ್ರಿಕಾ ಕೇಂದ್ರ' ಇತ್ತು. ಪತ್ರಿಕಾ ಎಂದರೆ ನಮ್ಮ ಕಡೆ ಜಾತಕ. ಹುಟ್ಟಿದ ದಿನ, ವೇಳೆ, ಊರು ಹೇಳಿದರೆ ಸಾಕು. ಪಂಚಾಂಗದವರು ಬೆರಳು ಎಣಿಸಿ, ತಂಬಾಕು ತಿಕ್ಕಿ, ನಾಳೆ ಬಾ ಎನ್ನುವ ಕೆಲಸವನ್ನು ಕಾಕಾನ ಮಷೀನು ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ಮುಗಿಸಿ, ಕರ್ ಕರ್ ಎಂದು ಛಾಪಿಸಿ ಕೊಡುತ್ತಿತ್ತು. ಸುತ್ತಲಿನ ಊರುಗಳ ಒಂದು ಪೀಳಿಗೆಯೇ ಅವನ ಪತ್ರಿಕೆಯ ಮೇಲೆ ಮದುವೆಯಾಗಿದೆ. ಆಮೇಲೆ ಮೊಬೈಲು ಬಂತು, ಕೇಂದ್ರ ಮುಚ್ಚಿತು, ಕಂಪ್ಯೂಟರು ಗುಜರಿಗೆ ಹೋಯಿತು, ಗಿರಣಿ ಬಂತು. ಫ್ಲಾಪಿಗಳು ಮಾತ್ರ ಉಳಿದವು.

ನಾನು ಗುಂಜೋಟಿ ಮುಟ್ಟಿದ ಮೇಲೆ ತಿಳಿದ ವಿಷಯ ಇದು. ಕಾಕಾನ ಮಗಳು ಸಾರಿಕಾ ನಿಲಂಗಾದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಉದಗೀರದ ಋಷಿಕೇಶ ಅವಳ ಜೊತೆ ಕಲಿತವನು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಎಷ್ಟೋ ದಿನವಾಗಿತ್ತು. ಈಗ ಎರಡೂ ಮನೆಯವರು ನೋಡಿ, ಸೀರೆ, ಕಾಯಿ ಕೊಟ್ಟು ತಗೊಂಡು, ಸಕ್ಕರೆ ಹಂಚಿ ಮುಗಿದಿತ್ತು. ಹೊರಡುವ ಹೊತ್ತಿಗೆ ಋಷಿಕೇಶನ ಅವ್ವ ಕಲ್ಯಾಣಮ್ಮ ಚಪ್ಪಲಿ ಮೆಟ್ಟುತ್ತ, ಸುಮ್ಮನೆ ಎಂಬಂತೆ, ಹುಡುಗಿಯ ಪತ್ರಿಕಾ ಒಂದು ಕಳಿಸಿಬಿಡಿ ಎಂದರು. ನಾವು ಲಿಂಗಾಯತರು, ಗ್ರಹಗಳನ್ನು ನಂಬುವುದಿಲ್ಲ. ನಂಬದಿದ್ದರೂ ಒಮ್ಮೆ ತೋರಿಸಿಕೊಳ್ಳುತ್ತೇವೆ.

ಸಾರಿಕಾಳ ಕಾಗದದ ಪತ್ರಿಕೆಯನ್ನು ಗಿರಣಿಯ ಇಲಿಗಳು ಯಾವತ್ತೋ ತಿಂದಿದ್ದವು. ಹಾಗೆಂದು ಹೇಳಿ, ಮೊಬೈಲಿನಲ್ಲಿ ಇನ್ನೊಂದು ಮಾಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಕಾಕಾ ಹೊಸ ಬೀಗರ ಮುಂದೆ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಕಾಗದಾ ನಾವ್ ಇಡಂಗಿಲ್ರೀ ಅಕ್ಕೋರ," ಎಂದನಂತೆ. "ನಮ್ದೆಲ್ಲಾ ಫ್ಲಾಪಿದಾಗ ಅದ. ಫ್ಲಾಪಿ ಅಂದ್ರ ನೂರು ವರ್ಷ. ಬ್ರಹ್ಮ ಹಣ್ಯಾಗ ಬರ್ದಿದ್ದಾದ್ರೂ ಅಳಸೀತು, ಇದು ಅಳಸಂಗಿಲ್ಲ."

ಒಂದೇ ವರ್ಷದಲ್ಲಿ ಎರಡು ಮೊಬೈಲು ಕಳೆದುಕೊಂಡಿದ್ದ ಕಲ್ಯಾಣಮ್ಮ ಬಹಳ ಮೆಚ್ಚಿಕೊಂಡು ಹೋದರಂತೆ.

"ಎಲ್ಲಿಟ್ಟೀ ಕಾಕಾ ಫ್ಲಾಪಿ?" ಎಂದೆ.

ದೇವರ ಜಗಲಿಯ ಮೇಲೆ ಇಟ್ಟಿದ್ದ. ತಪ್ಪು ನನ್ನದೂ ಸ್ವಲ್ಪ ಇದೆ. ಗಿರಣಿಯ ಬಾಯಲ್ಲಿ ಕಾಳಿನೊಳಗಿನ ಮೊಳೆ ಹಿಡಿಯಲು ದೊಡ್ಡ ಲೋಹಚುಂಬಕ ಇರುತ್ತದೆ. ಫ್ಲಾಪಿಗೆ ಅದು ವಿಷ, ದೂರ ಇಡು ಎಂದು ಯಾವಾಗಲೋ ಹೇಳಿದ್ದೆ. ಮನೆಯಲ್ಲಿ ಎಲ್ಲಕ್ಕಿಂತ ದೂರದ, ಎಲ್ಲಕ್ಕಿಂತ ಭದ್ರ ಜಾಗ ಯಾವುದು? ಜಗಲಿ. ಜಗಲಿಯ ಮೇಲೆ ಕೂತದ್ದಕ್ಕೆ ಪೂಜೆ ತಪ್ಪುವುದಿಲ್ಲ. ಸಾಲದ್ದಕ್ಕೆ ದಸರೆಯ ಖಂಡೇ ಪೂಜೆಯಲ್ಲಿ ಕುಡುಗೋಲು, ಕೊಡಲಿ, ಗಿರಣಿಯ ಕಲ್ಲು ಎಲ್ಲಕ್ಕೂ ವಿಭೂತಿ ಹಚ್ಚುವಾಗ ಫ್ಲಾಪಿಗಳಿಗೂ ಮೂರು ಮೂರು ಬೆರಳು. ಹಚ್ಚುವುದೂ ಎಲ್ಲಿ? ಫ್ಲಾಪಿಗೆ ಒಂದು ತಗಡಿನ ಬಾಗಿಲು ಇರುತ್ತದೆ, ಮಷೀನು ಅದನ್ನು ಸರಿಸಿಯೇ ಒಳಗಿನದನ್ನು ಓದುವುದು. ಬೆಳ್ಳಿಯ ಹಾಗೆ ಹೊಳೆಯುವ ಆ ತಗಡೇ ಹಣೆ ಎಂದು ತಿಳಿದು, ವರ್ಷಾನುವರ್ಷ, ಸರಿಯಾಗಿ ಅದರ ಮೇಲೇ ಹಚ್ಚಿದ್ದರು.

ಮುಟ್ಟಲು ಹೋದೆ. ಕಾಕಾನ ಅವ್ವ, ಅಂದರೆ ನಮ್ಮ ಆಯಿ ರಂಭಾಬಾಯಿ, ಜಳಕ ಮಾಡದೆ ಕೈ ಹಚ್ಚಬೇಡ ಎಂದಳು. ಜಳಕ ಮಾಡಿದೆ. ಕಂಪ್ಯೂಟರ್ ರಿಪೇರಿಗೆ ಮುಂಚೆ ಜಳಕ ಮಾಡಿದ್ದು ಅದೇ ಮೊದಲು.

ಡ್ರೈವಿಗೆ ತಂತಿ ಜೋಡಿಸುತ್ತ ನನಗೆ ಗೊತ್ತಿದ್ದದ್ದನ್ನೆಲ್ಲ ಕಾಕಾನಿಗೆ ಹೇಳಿದೆ. ಒಳಗಿರುವುದು ಒಂದು ತೆಳ್ಳನೆಯ ಹಾಳೆ, ಅದರ ಮೇಲೆ ತುಕ್ಕಿನ ಪುಡಿಯಂಥ ಲೇಪ, ಅಕ್ಷರಗಳೆಲ್ಲ ಅದರಲ್ಲಿ ಚುಂಬಕದ ಗುರುತುಗಳಾಗಿ ಕೂತಿರುತ್ತವೆ. ತೇವ ಆಗದು, ಧೂಳು ಆಗದು, ಬೂಷ್ಟು ಹಿಡಿದರಂತೂ ಮುಗಿಯಿತು. ಹತ್ತು ವರ್ಷ ಬಾಳುತ್ತದೆ ಎನ್ನುವವರಿದ್ದಾರೆ, ಮೂವತ್ತು ಎನ್ನುವವರಿದ್ದಾರೆ. ಮೊದಮೊದಲು ಬಂದವು ಗಟ್ಟಿ. ಕೊನೆಕೊನೆಗೆ ಬಂದ ಅಗ್ಗದ ಮಾಲು ಡಬ್ಬಿ ಒಡೆಯುವಾಗಲೇ ಸತ್ತಿರುತ್ತಿತ್ತು. ಯಾವುದು ಬದುಕುತ್ತದೆ, ಯಾವುದು ಸಾಯುತ್ತದೆ ಎಂದು ಮೊದಲೇ ಹೇಳಲು ಯಾರಿಗೂ ಬರುವುದಿಲ್ಲ. ಇಷ್ಟೆಲ್ಲ ಕೇಳಿದ ಕಾಕಾ, "ಮೂವತ್ತು ಅಂದಿ ಅಲ್ಲ, ಮತ್ತೇನು!" ಎಂದ.

ಸಾರಿಕಾಳ ಹೆಸರಿನ ಫ್ಲಾಪಿಯನ್ನು ಒರೆಸಿ ಹಾಕಿದೆ. ಡ್ರೈವು ಕೆಮ್ಮಿತು, ನರಳಿತು, ಒಂದು ಚಿಟಿಕೆ ಬೂದಿ ಉಗುಳಿತು. ನಡುನಡುವೆ ಓದಲಾಗದು ಎಂದು ಹೇಳಿತು. ದೋಷ ಬಿಟ್ಟು ಸಿಕ್ಕಷ್ಟು ಓದು ಎಂದೆ. ಹಳೆಯ ಪ್ರೋಗ್ರಾಂ ಕಪ್ಪು ಪರದೆಯ ಮೇಲೆ ಎದ್ದು ನಿಂತು ಸಾರಿಕಾಳ ಪತ್ರಿಕೆ ತೋರಿಸಿತು. ನಾನು ಆನಂದದಿಂದ ಎದ್ದು ಕುಣಿದೆ. ನಾನು ಕುಣಿಯುವಷ್ಟರಲ್ಲಿ ಕಾಕಾ ಮೊಬೈಲಿನಿಂದ ಪರದೆಯ ಫೋಟೋ ಹೊಡೆದು, 'ನೋಡ್ರಿ, ಒರಿಜಿನಲ್ ಡಾಟಾ' ಎಂದು ಕೆಳಗೆ ಬರೆದು, ಕಲ್ಯಾಣಮ್ಮನಿಗೆ ವಾಟ್ಸಾಪ್ ಮಾಡಿಬಿಟ್ಟಿದ್ದ. ಏನು ಬಂದಿದೆ ಎಂದು ನಮ್ಮಿಬ್ಬರಲ್ಲಿ ಯಾರೂ ಓದಿರಲಿಲ್ಲ.

ಕಲ್ಯಾಣಮ್ಮ ಓದಿಸಿದರು. ಮರುದಿನ ಫೋನು ಬಂತು. ಒಳ್ಳೆಯ ಸುದ್ದಿ ಎಂದು ಕಾಕಾ ಸ್ಪೀಕರು ಹಚ್ಚಿ ನಡುಮನೆಯಲ್ಲಿ ಇಟ್ಟ.

"ಬೀಗರ," ಎಂದರು ಕಲ್ಯಾಣಮ್ಮ, "ಹುಡುಗಿಗಿ ಕಡಕ್ ಮಂಗಳ ಅದ. ಏಳನೇ ಮನ್ಯಾಗ ಕೂತಾನ, ಗಂಡಗ ಕಂಟಕ. ನಮ್ಮ ಋಷಿಕೇಶ ಒಬ್ಬಂವೇ ಮಗ ಅದಾನ್ರೀ ನನಗ. ಮತ್ತ ಆಕಿ ಹೆಸರಿನ ನಡುವ ಒಂದು ಮಾರಿ ನಗ್ಲತ್ತದ. ಅದ್ಯಾಕ ನಗ್ತದ, ಅದ್ನೂ ನನಗ ಛಲೋ ಅನಸವಲ್ದು."

ಸಂಬಂಧವನ್ನು ಫೋನಿನಲ್ಲಿ ಮುರಿಯುವುದು ಮರ್ಯಾದೆಯಲ್ಲ, ಸೋಮವಾರ ತಾವೇ ಬಂದು ಸೀರೆಗೆ ಸೀರೆ, ಕಾಯಿಗೆ ಕಾಯಿ ಕೊಟ್ಟು ತಗೊಂಡು ಹೋಗುತ್ತೇವೆ ಎಂದು ಹೇಳಿ ಫೋನಿಟ್ಟರು.

ರಜೆ ಹಾಕಿ ಮನೆಯಲ್ಲಿದ್ದ ಸಾರಿಕಾ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಇಷ್ಟ್ ವರ್ಷ ಈ ಮನ್ಯಾಗ ಇದ್ದೀನಿ, ಮಂಗಳ ಎಂದೂ ಎದುರಿಗಿ ಬರ್ಲಿಲ್ಲ. ನೀ ಒಂದ್ ಫೋಟೋ ಹೊಡ್ದಿ, ಬಂದು ಕೂತ."

ಆ ಹೊತ್ತಿಗೆ ನನಗೆ ಒಂದು ಹೊಳೆಯಿತು. ನಗುವ ಮಾರಿ! ಪರದೆಯ ಮುಂದೆ ಹೋಗಿ ನೋಡಿದೆ. ಇಂಗ್ಲಿಷಿನಲ್ಲಿ ಸಾರಿಕಾ ಎಂದು ಬರೆದಿದ್ದರಲ್ಲಿ ಒಂದು ಅಕ್ಷರದ ಜಾಗದಲ್ಲಿ ಸಣ್ಣ ನಗುಮೊಗ ಕೂತಿತ್ತು. ಫ್ಲಾಪಿ ಕೆಟ್ಟಿದೆ, ಹೆಸರನ್ನೇ ತಪ್ಪಾಗಿ ಓದಿದೆ, ಅಂದ ಮೇಲೆ ಹುಟ್ಟಿದ ವೇಳೆಯನ್ನು ಸರಿಯಾಗಿ ಓದಿದೆ ಎಂದು ಯಾರು ಹೇಳಬೇಕು ಎಂದೆ. ಸಾರಿಕಾಳ ಮುಖಕ್ಕೆ ಬಣ್ಣ ಬಂತು. ಕಾಕಾ ನನ್ನ ಬೆನ್ನಿಗೆ ಹೊಡೆದು, ಬಹಳ ಹಗುರಾಗಿ, ಶೀಟಿ ಊದುತ್ತ ಗಿರಣಿಗೆ ಹೋದ. ಹೋದವನು ಜೋಳ ಬೀಸಿಸಲು ಬಂದವರಿಗೆಲ್ಲ ಒಂದೇ ಮಾತು ಹೇಳಿದ: ಮಗಳ ಪತ್ರಿಕೆಗೆ ಏನೂ ಆಗಿಲ್ಲ, ಫ್ಲಾಪಿ ಕೆಟ್ಟದ.

ಹಿಟ್ಟಿನ ಜೊತೆ ಆ ಮಾತು ಮನೆಮನೆಗೆ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಗಿರಣಿಯ ಮುಂದೆ ಜನ. ಕೈಯಲ್ಲಿ ಕಾಳಿನ ಚೀಲವಿಲ್ಲ. ಮುಂದೆ ನಿಂತಿದ್ದವನು ರೇವಣಪ್ಪ, ಬಸ್ ನಿಲ್ಲುವಲ್ಲಿ ಭಜಿ ಅಂಗಡಿ ಇಟ್ಟವನು. ಅವನ ಪಕ್ಕದಲ್ಲಿ ಹೆಂಡತಿ. ಮೂವತ್ತಾರಕ್ಕೆ ಮೂವತ್ತೆರಡು ಗುಣ ಕೂಡುತ್ತವೆ ಎಂದು ಕಾಕಾನ ಮಷೀನು ಹೇಳಿ ಮಾಡಿಸಿದ ಜೋಡಿ ಅದು. ಮದುವೆಯ ಮರುದಿನ ಶುರುವಾದ ಜಗಳ ಇನ್ನೂ ನಡೆದಿದೆ. ಫ್ಲಾಪಿ ಕೆಟ್ಟದ್ದು ಯಾವಾಗ, ಈಗಲೋ ಅವಾಗಲೋ ಎಂದು ರೇವಣಪ್ಪ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ; ಬಹಳ ವರ್ಷದ ರೋಗಕ್ಕೆ ಹೆಸರು ಸಿಕ್ಕವನ ಸಮಾಧಾನವಿತ್ತು. ಅವನ ಹೆಂಡತಿ ಮಾತ್ರ ತಾನು ಮೊದಲಿನಿಂದಲೂ ಅದೇ ಹೇಳುತ್ತಿದ್ದೆ ಎಂದಳು.

ಅವರ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಅಮೋಘಸಿದ್ಧ ನಿಂತಿದ್ದ. ಕುರಿ ಸಾಕುವವನು, ಬೀರಪ್ಪನ ಭಕ್ತ, ಸುಳ್ಳು ಹೇಳದವನು. ಅವನು ಬಂದದ್ದು ಟಗರಿನ ಪತ್ರಿಕೆಯ ವಿಷಯಕ್ಕೆ. ಆ ಕಾಲದಲ್ಲಿ ಉತ್ಸಾಹ ಹೆಚ್ಚಾಗಿ ಕಾಕಾ ಅವನ ಟಗರಿಗೂ ಒಂದು ಪತ್ರಿಕೆ ತೆಗೆದುಕೊಟ್ಟಿದ್ದ.

"ಎಂಬತ್ತು ವರ್ಷ ಆಯುಷ್ಯ ಅಂತ ಬರ್ದಿತ್ತು," ಎಂದ ಅಮೋಘಸಿದ್ಧ. "ಆ ನಂಬಿಕಿ ಮ್ಯಾಲ ರಾತ್ರಿ ಕಟ್ಟಲಿಲ್ಲ. ಎಂಟು ದಿನದಾಗ ತೋಳ ಒಯ್ತು."

ಕಾಕಾನ ಸ್ಥಿತಿ ನೋಡಿ. ಫ್ಲಾಪಿ ಸರಿ ಇದೆ ಎಂದರೆ ಮಗಳಿಗೆ ಮಂಗಳ, ಮದುವೆ ಹೋಯಿತು. ಕೆಟ್ಟಿದೆ ಎಂದರೆ ಊರಿನ ಮದುವೆಗಳೆಲ್ಲ ಎದ್ದು ಗಿರಣಿಯ ಬಾಗಿಲಿಗೆ ಬರುತ್ತವೆ. ಎರಡು ದಿನ ಅವನು ಮನೆಯಲ್ಲಿ ಕೆಟ್ಟ ಫ್ಲಾಪಿಯನ್ನೂ ಗಿರಣಿಯಲ್ಲಿ ಒಳ್ಳೆಯ ಫ್ಲಾಪಿಯನ್ನೂ ಇಟ್ಟುಕೊಂಡು ನಡೆದ. ನಡುವೆ ಇದ್ದದ್ದು ಒಂದೇ ಬಾಗಿಲು. ಒಮ್ಮೆ ಗಡಿಬಿಡಿಯಲ್ಲಿ ಬಾಗಿಲು ತಪ್ಪಿ, ರೇವಣಪ್ಪನ ಮುಂದೆ ಕೆಟ್ಟದ ಎಂದು, ಕಲ್ಯಾಣಮ್ಮನ ಫೋನಿನಲ್ಲಿ ಸರಿ ಅದ ಎಂದು ಹೇಳಿಬಿಟ್ಟ.

ಈ ನಡುವೆ ಉದಗೀರದಿಂದ ಋಷಿಕೇಶ ನನಗೆ ಕದ್ದು ಫೋನ್ ಮಾಡಿದ. ಒಳ್ಳೆಯ ಹುಡುಗ, ಅವ್ವನ ಮಾತು ಮೀರದವನು, ಸಾರಿಕಾಳನ್ನು ಬಿಡಲಾರದವನು. ಎರಡೂ ಏಕಕಾಲಕ್ಕೆ ಆಗುವ ಉಪಾಯ ಅವನಿಗೆ ಬೇಕಿತ್ತು. ಫೈಲು ತೆರೆದು ಒಂದು ಅಂಕಿ ತಿದ್ದಿಬಿಡು ಎಂದ. ಎಂಟು ಸೆಕೆಂಡಿನ ಕೆಲಸ. ನಾನು ಆಗುವುದಿಲ್ಲ ಎಂದೆ. ಹಳೆಯ ಡಾಟಾ ಎಂದರೆ ಡಾಟಾ. ಇಪ್ಪತ್ತೈದು ವರ್ಷ ಬೂದಿಯಲ್ಲಿ ಬದುಕಿದ್ದನ್ನು ನಾನು ಕೈಯಾರೆ ತಿದ್ದಿ ಕೆಡಿಸುವುದೇ? ಇದನ್ನು ಕೇಳಿದ ಸಾರಿಕಾ, "ಡಾಟಾನೇ ಲಗ್ನ ಆಗು ನೀ," ಎಂದು ನನ್ನ ತಾಟಿನ ಮುಂದಿಂದ ಶೇಂಗಾದ ಚಟ್ನಿ ಎತ್ತಿಕೊಂಡು ಹೋದಳು.

ಅದಕ್ಕೆ ನಾನು ಸರಿಯಾದ ದಾರಿಯನ್ನೇ ಹಿಡಿದೆ. ತಗಡಿನ ಬಾಗಿಲು ಸರಿಸಿ, ಹತ್ತಿಗೆ ಸ್ಪಿರಿಟ್ ಹಚ್ಚಿ, ಹಾಳೆಯನ್ನು ತಿರುಗಿಸುತ್ತ ತಿರುಗಿಸುತ್ತ ಮೆಲ್ಲಗೆ ಒರೆಸಿದೆ. ಡ್ರೈವಿನ ಬಾಯನ್ನೂ ತೊಳೆದೆ. ಮತ್ತೆ ಹಾಕಿದೆ. ಈ ಸಲ ಕೆಮ್ಮಲಿಲ್ಲ. ಒಂದೂ ದೋಷವಿಲ್ಲದೆ, ಹೊಸ ಫ್ಲಾಪಿ ಓದುವ ಹಾಗೆ ಗುಳುಗುಳು ಓದಿತು. ನಗುಮೊಗ ಹೋಗಿತ್ತು; ಸಾರಿಕಾಳ ಹೆಸರು ಅಚ್ಚುಕಟ್ಟಾಗಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ವೇಳೆ ನೋಡಿದೆ. ಮುಂಜಾನೆ ಒಂಬತ್ತು. ಮೊದಲೂ ಅದೇ ಇತ್ತು. ಮಂಗಳ ಏಳನೇ ಮನೆಯಲ್ಲಿ, ಕೂತಲ್ಲೇ ಕೂತಿದ್ದ.

ಫ್ಲಾಪಿ ಕೆಟ್ಟಿಲ್ಲ ಎಂದು ನಡುಮನೆಯಲ್ಲಿ ಹೇಳಿದೆ. ಇಷ್ಟು ಒಳ್ಳೆಯ ಸುದ್ದಿಯನ್ನು ಇಷ್ಟು ಕೆಟ್ಟದಾಗಿ ಯಾರೂ ಕೇಳಿರಲಾರರು. ಕಾಕಾ ಗೋಡೆಗೆ ಒರಗಿದ. ಸಾರಿಕಾ ಎದ್ದು ಒಳಗೆ ಹೋದಳು. ಒಳಗಿಂದ, ಬೀಗರು ಕೊಟ್ಟ ಸೀರೆಯನ್ನು ಮಡಚಿ ಚೀಲಕ್ಕೆ ಹಾಕುವ ಸಪ್ಪಳ ಕೇಳಿಸಿತು.

ಆಗ ಆಯಿ ಬಾಯಿಬಿಟ್ಟಳು. ಇಷ್ಟು ದಿನ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಸಾರಿಕಾ ಹುಟ್ಟಿದಾಗ ಬಾಣಂತನ ಮಾಡಿದವಳು ಅವಳೇ.

"ಟೈಮ್ ಎಷ್ಟ ಬರ್ದದ ಅದ್ರಾಗ?"

"ಒಂಬತ್ತು," ಎಂದ ಕಾಕಾ.

"ಒಂಬತ್ತು ಅಂತ ಯಾರ್ ಹೇಳ್ಯಾರ?"

"ನೀನೇ ಹೇಳಿದ್ದಿ ಅವ್ವಾ. ನಿಲಂಗಾ ಗಾಡಿ ಬಂತು, ಕೂಸು ಅತ್ತಿತು ಅಂದಿದ್ದಿ."

"ಹೌದು, ಗಾಡಿ ಬಂತು ಅಂದೀನಿ. ಒಂಬತ್ತು ಅಂತ ಎಲ್ಲಿ ಅಂದೀನಿ?"

"ನಿಲಂಗಾ ಗಾಡಿ ಟೈಮ್ ಒಂಬತ್ತೇ ಅಲ್ಲೇನು? ಬೋರ್ಡಿನ ಮ್ಯಾಲ ಬರ್ದದ."

ಆಯಿ ಮಗನ ಕಡೆ ಹೊರಳಿದಳು. "ಬೋರ್ಡ್ ಒಂಬತ್ತಕ್ಕೇ ಬಂದದ ನೀಲ್ಯಾ," ಎಂದಳು. "ಗಾಡಿ ಯಾವಾಗ ಬಂತು?"

ನಾನು ಅಲ್ಲೇ ಉಳಿದ ಫ್ಲಾಪಿಗಳನ್ನೂ ಒರೆಸಿ ಹಾಕಿ ನೋಡಿದೆ. ಗುಂಜೋಟಿಯ ಒಂದು ಪೀಳಿಗೆ ಪೂರ್ತಿ ಮೂರೇ ಹೊತ್ತಿನಲ್ಲಿ ಹುಟ್ಟಿತ್ತು: ಮುಂಜಾನೆ ಒಂಬತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ. ನಡುವೆ ಹುಟ್ಟಿದವರು ಯಾರೂ ಇಲ್ಲ. ಆಗ ಮನೆಗಳಲ್ಲಿ ಗಡಿಯಾರ ಇದ್ದವು, ನಡೆಯುತ್ತಿರಲಿಲ್ಲ. ಹೆರಿಗೆ ಮಾಡಿಸುವ ಹೆಂಗಸರು ಗಾಡಿಯ ಹಾರನ್ನಿನ ಮೇಲೆ ವೇಳೆ ಹಿಡಿಯುತ್ತಿದ್ದರು. ಕಾಕಾ ಬಸ್ಸಿನ ಬೋರ್ಡು ನೋಡಿ ಅದನ್ನು ಗಂಟೆಗೆ ತಿರುಗಿಸುತ್ತಿದ್ದ. ಫ್ಲಾಪಿ ಅವನು ಬರೆದದ್ದನ್ನು ಒಂದು ಚುಕ್ಕೆಯೂ ತಪ್ಪದೆ ಕಾಪಾಡಿತ್ತು.

ಇನ್ನು ಬೇಕಾದದ್ದು ಒಂದೇ: ಆ ದಿನ ಗಾಡಿ ತಡವಾಗಿ ಬಂದಿತ್ತು ಎಂಬ ಒಂದು ಮಾತು. ಅದು ಎರಡು ಪೀಳಿಗೆಯಿಂದ ನಡೆದ ಖಾಸಗಿ ಗಾಡಿ; ಮಾಲಕ ಅಂಬಾದಾಸ ಈಗಲೂ ತಾನೇ ಓಡಿಸುತ್ತಾನೆ. ದಿನಕ್ಕೆ ಮೂರು ಸಲ ನಿಲಂಗಾದಿಂದ ಹೊರಟು, ಕೈ ಮಾಡಿದ ಊರಿಗೆಲ್ಲ ನಿಂತು ಗುಂಜೋಟಿಗೆ ಬರುತ್ತದೆ. ಗಾಡಿಯ ಬೆನ್ನ ಮೇಲೆ ಕೆಂಪು ಬಣ್ಣದಲ್ಲಿ 'ವೇಳೆ ಅಂದರೆ ವೇಳೆ' ಎಂದು ಮರಾಠಿಯಲ್ಲಿ ಬರೆಸಿದ್ದಾನೆ. ಕಾಕಾ ಅವನನ್ನು ರೇವಣಪ್ಪನ ಅಂಗಡಿಗೆ ಕರೆಸಿ, ಭಜಿ ಹಾಕಿಸಿ, ಮಗಳ ಬಾಳಿನ ಪ್ರಶ್ನೆ ಎಂದು ಕೈಹಿಡಿದು ಕೇಳಿಕೊಂಡ. ಆ ಒಂದು ದಿನ ಮಾತ್ರ ಲೇಟ್ ಆಗಿತ್ತು ಎಂದು ಬೀಗರ ಮುಂದೆ ಹೇಳು, ಸಾಕು.

ಅಂಬಾದಾಸ ಭಜಿ ಮುಗಿಸಿದ. ಕೈ ಒರೆಸಿಕೊಂಡ. "ನೀಲಕಂಠರಾವ, ಜೀವಾ ಕೇಳ್ರಿ, ಕೊಡ್ತೀನಿ. ಇದು ಕೇಳಬ್ಯಾಡ್ರಿ. ನನ್ನ ಗಾಡಿ ಎಂದೂ ಲೇಟ್ ಆಗಂಗಿಲ್ಲ. ಮಂದಿ ಟೈಮಕ್ಕಿಂತ ಲಗೂ ಬಂದು ನಿಂದರ್ತಾರ."

ಮಾಲಕ ಒಪ್ಪದಿದ್ದರೇನು, ಊರಿತ್ತು. ಕಾಕಾ ಗಿರಣಿ ಬಂದ್ ಮಾಡಿ, ಕಟ್ಟೆಯ ಮೇಲೆ ನಿಂತು, ಫ್ಲಾಪಿ ಖರೆ ಅದ, ಗಾಡಿ ಲೇಟ್ ಅದ ಎಂದು ಸಾರಿದ. ಎಲ್ಲರಿಗೂ ಒಟ್ಟಿಗೆ ಹಾಯೆನಿಸಿತು. ಯಾರ ಮೇಲೂ ಸಿಟ್ಟು ಉಳಿಯಲಿಲ್ಲ. ಅಂಬಾದಾಸನ ಗಾಡಿಯ ಮೇಲೆ ಸಿಟ್ಟು ಮೊದಲೇ ಇತ್ತು, ಅದಕ್ಕೇ ಇದನ್ನೂ ಸೇರಿಸಿಕೊಂಡರು. ರೇವಣಪ್ಪನ ಹೆಂಡತಿ, ತನ್ನ ಗಂಡ ಹುಟ್ಟಿದ್ದೇ ಲೇಟಾಗಿ, ಹಾಗಾಗಿಯೇ ಎಲ್ಲದರಲ್ಲೂ ಲೇಟ್ ಎಂದು ತಿಳಿದುಕೊಂಡು ಅವನನ್ನು ಮೊದಲ ಸಲ ಸ್ವಲ್ಪ ಕನಿಕರದಿಂದ ನೋಡಿದಳು. ಅಮೋಘಸಿದ್ಧ ಟಗರಿನದು ಯಾವ ಗಾಡಿ ಎಂದು ಕೇಳಿದ. ಸಂಜಿದು ಎಂದ ಕಾಕಾ. ಸಂಜೆಯ ಗಾಡಿ ಎಷ್ಟೋ ಸಲ ಮರುದಿನ ಮುಂಜಾನೆ ಬರುತ್ತಿತ್ತು.

"ಹಂಗಾದ್ರ ತೋಳಂದು ತಪ್ಪಿಲ್ಲ," ಎಂದು ಹೇಳಿ ಅಮೋಘಸಿದ್ಧ ಕಂಬಳಿ ಸರಿಮಾಡಿಕೊಂಡು ಹೋದ.

ಎಷ್ಟು ಲೇಟ್ ಎಂಬುದನ್ನು ಊರಿನ ಜಂಗಮರು ರಾಚಯ್ಯನವರು ಲೆಕ್ಕ ಹಾಕಬೇಕಾಯಿತು. ಗಾಡಿಯ ಲೆಕ್ಕವಲ್ಲ, ಮಂಗಳನ ಲೆಕ್ಕ. ಪಂಚಾಂಗ ಬಿಚ್ಚಿ, ಕನ್ನಡಕ ಏರಿಸಿ ಹೇಳಿದರು: ಎರಡು ತಾಸು ಲೇಟಾಗಿದ್ದರೆ ಮಂಗಳ ಆರನೇ ಮನೆಗೆ ಸರಿಯುತ್ತಾನೆ, ಅಲ್ಲಿ ಅವನಿಂದ ಯಾರಿಗೂ ತ್ರಾಸಿಲ್ಲ. ನಾಲ್ಕು ತಾಸಾದರೆ ಐದನೇ ಮನೆ, ಅದೂ ನಡೆಯುತ್ತದೆ. ಆದರೆ ಆರು ತಾಸು ಲೇಟಾಗಿದ್ದರೆ ನಾಲ್ಕನೇ ಮನೆ; ಅಲ್ಲಿ ಮತ್ತೆ ಮಂಗಳದೋಷ ಗಂಟುಬೀಳುತ್ತದೆ. ಅಂದರೆ ಗಾಡಿ ಲೇಟ್ ಆಗಿರಬೇಕು, ಆದರೆ ಅದಕ್ಕೂ ಒಂದು ಮರ್ಯಾದೆ ಇರಬೇಕು.

ಇದನ್ನೆಲ್ಲ ಕಲ್ಯಾಣಮ್ಮನಿಗೆ ಫೋನಿನಲ್ಲಿ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಹೇಳುವುದು ಬೇಡ ಎಂದಳು ಆಯಿ. ಸೋಮವಾರ ಹೇಗೆ ಬರುತ್ತಾರೆ ಎಂದಷ್ಟೇ ಕೇಳಿದಳು. ನಿಲಂಗಾದ ತನಕ ಜೀಪು, ಅಲ್ಲಿಂದ ಅಂಬಾದಾಸನ ಗಾಡಿ ಎಂದು ಸಾರಿಕಾ ಋಷಿಕೇಶನಿಂದ ತಿಳಿದು ಹೇಳಿದಳು. ಆಯಿ ಸರಿ ಎಂದು ಅಡಿಕೆ ಕತ್ತರಿಸುತ್ತ ಕೂತಳು.

ಸೋಮವಾರ ಮುಂಜಾನೆ ಒಂಬತ್ತಕ್ಕೆ ಗುಂಜೋಟಿಯ ಬಸ್ ನಿಲ್ಲುವ ಜಾಗದಲ್ಲಿ ಅರ್ಧ ಊರು ನಿಂತಿತ್ತು. ಗಾಡಿ ಬರಲಿಲ್ಲ. ಹತ್ತಾಯಿತು, ಬರಲಿಲ್ಲ, ರಾಚಯ್ಯನವರು ಈಗ ಬಂದರೆ ಕಷ್ಟ ಎಂದರು. ಹನ್ನೊಂದಾಯಿತು, ಜನ ಚಹಾ ಕುಡಿದು ಮುಗುಳ್ನಕ್ಕರು. ಹನ್ನೆರಡಾಯಿತು, ಒಂದಾಯಿತು. ಎರಡು ಹೊಡೆಯುವ ಹೊತ್ತಿಗೆ ರಾಚಯ್ಯನವರು ಬೆವರು ಒರೆಸಿಕೊಳ್ಳತೊಡಗಿದರು. ಇನ್ನೂ ತಡವಾದರೆ ಮಂಗಳ ನಾಲ್ಕನೇ ಮನೆಯ ಹೊಸ್ತಿಲ ಮೇಲೆ ಕಾಲಿಡುತ್ತಾನೆ. ಇಷ್ಟು ವರ್ಷದಲ್ಲಿ ಅಂಬಾದಾಸನ ಗಾಡಿ ಬೇಗ ಬರಲಿ ಎಂದು ಗುಂಜೋಟಿ ದೇವರನ್ನು ಬೇಡಿದ್ದು ಅವತ್ತೇ ಇರಬೇಕು. ಅಷ್ಟರಲ್ಲಿ ತಿರುವಿನಲ್ಲಿ ಹಾರನ್ನು ಕೇಳಿಸಿತು. ಜನ ಚಪ್ಪಾಳೆ ಹೊಡೆದರು. ಅಂಬಾದಾಸ ತನಗೇ ಎಂದು ತಿಳಿದು ಕಿಟಕಿಯಿಂದ ಕೈ ಬೀಸಿದ.

ಕಲ್ಯಾಣಮ್ಮ ಇಳಿದರು. ತಲೆಗೂದಲ ಮೇಲೆ ಧೂಳು, ಒಂದು ಕೈಯಲ್ಲಿ ಸೀರೆಯ ಚೀಲ, ಇನ್ನೊಂದು ಕೈಯಲ್ಲಿ ತೆಂಗಿನಕಾಯಿ. ಆ ಕಾಯಿಯನ್ನು ಅವರು ಯಾರ ಮೇಲಾದರೂ ಎಸೆಯಬಹುದು ಎನಿಸುತ್ತಿತ್ತು. ದಾರಿಯಲ್ಲಿ ಗಾಡಿ ಒಂದು ಕಡೆ ಪಂಕ್ಚರಿಗೆ, ಒಂದು ಕಡೆ ಅಂಬಾದಾಸನ ಭಾವಮೈದುನನ ಮನೆಯ ಊಟಕ್ಕೆ, ಒಂದು ಕಡೆ ಯಾಕೆಂದು ಯಾರಿಗೂ ತಿಳಿಯದೆ ನಿಂತಿತ್ತಂತೆ. ಕಾಕಾ ಮುಂದೆ ಬಂದು ಬಾಯಿ ತೆರೆದ. ಆಯಿ ಅವನನ್ನು ಮೊಣಕೈಯಿಂದ ಹಿಂದೆ ಸರಿಸಿ, ಕಲ್ಯಾಣಮ್ಮನನ್ನು ಕಟ್ಟೆಯ ಮೇಲೆ ಕೂಡಿಸಿದಳು. ಸಾರಿಕಾ ತಂಬಿಗೆಯಲ್ಲಿ ನೀರು ತಂದುಕೊಟ್ಟು ಪಕ್ಕಕ್ಕೆ ನಿಂತಳು. ಕಲ್ಯಾಣಮ್ಮ ತಂಬಿಗೆ ಪೂರ್ತಿ ಕುಡಿದರು.

"ಈ ಗಾಡಿ ದಿನಾ ಹಿಂಗೇ ಬರ್ತದೇನ್ರೀ ನಿಮ್ಮೂರಿಗಿ?"

"ಇವತ್ತ ಜರಾ ತಡಾ ಆಯ್ತ್ರೀ," ಎಂದಳು ಆಯಿ. "ದಿನಾ ಎರಡು ಮೂರು ತಾಸು, ಅಷ್ಟೇ."

"ಬೋರ್ಡಿಗಿ ಒಂಬತ್ತು ಅಂತ ಬರ್ಕೊಂಡಾನ ಆ ಮನಷ್ಯಾ."

"ಬರ್ಕೊಂಡಾನ್ರೀ. ನಮ್ಮ ಮಂದಿ ಅದ್ನ ಖರೆ ಅಂತ ನಂಬ್ತಾರ."

"ಯಾವ ಹುಚ್ಚ ನಂಬ್ಯಾನು?" ಎಂದರು ಕಲ್ಯಾಣಮ್ಮ. "ಈ ಗಾಡಿ ಹುಟ್ಟಿದಾಗಿಂದ ಒಂದ್ ದಿನಾ ಒಂಬತ್ತಕ್ಕ ಬಂದಿಲ್ಲ. ಕೋರ್ಟಿನ್ಯಾಗ ಬೇಕಾದ್ರೂ ಹೇಳ್ತೀನಿ ನಾ."

"ಕೋರ್ಟ್ ಬ್ಯಾಡ್ರೀ," ಎಂದಳು ಆಯಿ. "ರಾಚಯ್ಯನೋರ ಮುಂದ ಹೇಳ್ರಿ, ಸಾಕು."

ರಾಚಯ್ಯನವರು ಪಂಚಾಂಗ ತೆಗೆದುಕೊಂಡು ಮುಂದೆ ಬಂದರು. ಕಾಕಾ ಎಲ್ಲವನ್ನೂ ಒಪ್ಪಿಸಿದ: ಹಾರನ್ನು, ಬೋರ್ಡು, ಫ್ಲಾಪಿ. ಬೋರ್ಡಿನ ಮಾತಿಗೆ ಬಂದಾಗ, ಅದನ್ನು ನಂಬಿದ ಹುಚ್ಚ ತಾನೇ ಎಂದು ಅವನಿಗೇ ಹೊಳೆದು ಮೆತ್ತಗಾದ. ಕಲ್ಯಾಣಮ್ಮ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡರು. ಒಮ್ಮೆ ಗಾಡಿಯನ್ನು ನೋಡಿದರು, ಒಮ್ಮೆ ಸಾರಿಕಾಳನ್ನು. ಒಮ್ಮೆ ತಮ್ಮ ತೊಡೆಯ ಮೇಲಿನ ಚೀಲವನ್ನು. ಸಂಬಂಧ ಮುರಿದರೆ ಅದರ ಬದಲಿಗೆ ಇನ್ನೊಂದು ಚೀಲ ಹೊತ್ತು ಇದೇ ಗಾಡಿಯಲ್ಲಿ ಮರಳಿ ಹೋಗಬೇಕಿತ್ತು.

"ಆರನೇ ಮನಿ ಅಂದ್ರಿ ಅಲ್ಲ?" ಎಂದು ರಾಚಯ್ಯನವರನ್ನು ಕೇಳಿದರು.

"ಹೌದ್ರೀ. ಶಾಂತ ಕೂಡ್ತಾನ ಅಲ್ಲಿ."

"ಕೂಡ್ಲಿ," ಎಂದು ಹೇಳಿ, ತೆಂಗಿನಕಾಯಿಯನ್ನು ಸಾರಿಕಾಳ ಕೈಗೆ ಕೊಟ್ಟು, "ಇದ್ನ ಒಡ್ದು ಚಟ್ನಿ ಮಾಡ್ವಾ. ಹಸಿದೀನಿ," ಎಂದರು.

ಊರಿಡೀ ಸೇರಿ ತನ್ನನ್ನು ಲೇಟ್ ಎಂದಿತು ಎಂದು ಅಂಬಾದಾಸ ಮುನಿಸಿಕೊಂಡ. ಎಂಟು ದಿನ ಗುಂಜೋಟಿಯಲ್ಲಿ ಗಾಡಿ ನಿಲ್ಲಿಸದೆ ಹೋದ. ಅವನನ್ನು ಸಮಾಧಾನ ಮಾಡಲು ಕಾಕಾ, ಗಂಡಿನ ಕಡೆಯವರನ್ನು ಉದಗೀರದಿಂದ ಕರೆತರುವ ಕೆಲಸವನ್ನು ಅವನ ಗಾಡಿಗೇ ಕೊಟ್ಟ. ಬೇಡ ಎಂದು ನಾವೆಲ್ಲ ಹೇಳಿದೆವು. ನಾನು ಅಷ್ಟರಲ್ಲಿ ಊರ ಮುಂದೆ, ರಾಚಯ್ಯನವರು ಹೇಳಿದ ಹೊಸ ವೇಳೆಯನ್ನು ಸಾರಿಕಾಳ ಫ್ಲಾಪಿಗೆ ಬರೆದು ಕೊಟ್ಟೆ. ಡಾಟಾ ತಿದ್ದಿದೆ ಎಂದು ನನಗೇನೂ ಅನಿಸಲಿಲ್ಲ, ತಿದ್ದಿದ್ದು ಬಸ್ಸನ್ನು. ಕಾಕಾ ಅದನ್ನು ಜಗಲಿಗೇ ಒಯ್ದ. ವಿಭೂತಿಯನ್ನು ತಗಡಿಗೆ ಬೇಡ, ಚೀಟಿ ಅಂಟಿಸುವ ಕಡೆ ಹಚ್ಚು ಎಂದೆ. ಹಾಗೇ ಹಚ್ಚಿದ. ಇನ್ನು ನೂರು ವರ್ಷ ಎಂದ. ನಾನು ಈ ಸಲ ಎದುರಾಡಲಿಲ್ಲ.

ಮದುವೆಯ ದಿನ ಅಕ್ಷತೆಯ ಮುಹೂರ್ತ ಹನ್ನೆರಡೂವರೆಗೆ. ಹಂದರದಲ್ಲಿ ಹುಡುಗಿ ಸಿದ್ಧ, ಅಕ್ಕಿ ಕೈಯಲ್ಲಿ ಹಿಡಿದ ಜನ ಸಿದ್ಧ, ರಾಚಯ್ಯನವರು ಸಿದ್ಧ. ಒಂದಾಯಿತು, ಒಂದೂವರೆಯಾಯಿತು. ಹಿಡಿದ ಅಕ್ಕಿಯನ್ನು ಮಕ್ಕಳು ತಿನ್ನತೊಡಗಿದರು. ಕೊನೆಗೆ ತಿರುವಿನಲ್ಲಿ ಹಾರನ್ನು ಕೇಳಿಸಿತು. ಬೆವರಿದ ಋಷಿಕೇಶ, ಅವನ ಹಿಂದೆ ಯಾರ ಜೊತೆಗೂ ಮಾತಾಡುವ ಸ್ಥಿತಿಯಲ್ಲಿಲ್ಲದ ಕಲ್ಯಾಣಮ್ಮ ಇಳಿದರು. ಕಾಕಾ ಓಡಿ ಹೋಗಿ ಡ್ರೈವರಿನ ಕಿಟಕಿಯ ಕೆಳಗೆ ನಿಂತು, ಅಂಬಾದಾಸಾ, ಮುಹೂರ್ತ ಹೋಯಿತಲ್ಲೋ ಎಂದು ಕೈಕೈ ಹಿಸುಕಿಕೊಂಡ.

ಅಂಬಾದಾಸ ಗಾಡಿ ಬಂದ್ ಮಾಡಿದ. ಕೈಗಡಿಯಾರ ನೋಡಿಕೊಂಡ.

"ಗಾಡಿ ಟೈಮಕ್ಕೇ ಬಂದದ್ರೀ," ಎಂದ. "ನಿಮ್ಮ ಮುಹೂರ್ತ ಲಗೂ ಬಂದಿತ್ತು."